ಹುಬ್ಬಿನ ನಡುವಿನ ಗೆರೆಗೆ ಸೂಜಿ ಬೇಕೇ?

ಪ್ರಶ್ನೆ: ನನಗೆ 47 ವರ್ಷ. ಶಿವಮೊಗ್ಗದಲ್ಲಿ ಪ್ರೌಢಶಾಲಾ ಶಿಕ್ಷಕಿ. ಇನ್ನು ಐದು ವಾರಕ್ಕೆ ಮಗಳ ನಿಶ್ಚಿತಾರ್ಥ. ಈಚೆಗೆ ಬಂಧುಗಳ ಗೃಹಪ್ರವೇಶದಲ್ಲಿ ನನ್ನ ನಾದಿನಿ ಎಲ್ಲರೆದುರು, ‘ಅತ್ತಿಗೆ, ಯಾಕೆ ಯಾವಾಗ್ಲೂ ಮುಖ ಗಂಟು ಹಾಕ್ಕೊಂಡೇ ಇರ್ತೀರಿ? ಬೀಗರು ಏನಂದ್ಕೊಳ್ತಾರೆ?’ ಎಂದಳು. ಆಗ ನನಗೆ ಸಿಟ್ಟೇನೂ ಬಂದಿರಲಿಲ್ಲ, ಸುಮ್ಮನೆ ಕೂತಿದ್ದೆ. ಮನೆಗೆ ಬಂದು ಕನ್ನಡಿ ನೋಡಿದೆ. ಎರಡು ಹುಬ್ಬುಗಳ ನಡುವೆ ಆಳವಾದ ಎರಡು ಗೆರೆಗಳಿವೆ. ಅಂದಿನಿಂದ ಫೋಟೊ ತೆಗೆಸಿಕೊಳ್ಳಲು ಹಿಂಜರಿಕೆ. ಮಕ್ಕಳು ಹಿಂದಿನಿಂದ ನನ್ನನ್ನು ‘ಸಿಡುಕಿ ಮೇಡಂ’ ಎನ್ನುವುದೂ ಈಗ ಚುಚ್ಚುತ್ತಿದೆ. ಬೆಂಗಳೂರಿನಲ್ಲಿರುವ ಮಗಳು, ‘ಬೊಟಾಕ್ಸ್ ಹಾಕಿಸ್ಕೋ ಅಮ್ಮ, ಇಲ್ಲಿ ಎಷ್ಟೋ ಜನ ಮಾಡಿಸ್ತಾರೆ’ ಎನ್ನುತ್ತಾಳೆ. ಯಜಮಾನರು ‘ಅದು ವಿಷ ಅಂತಲ್ಲ’ ಎಂದರು. ನನ್ನ ತಾಯಿ, ಕೊಬ್ಬು ಕರಗಿಸಿಕೊಳ್ಳಲು ಹೋಗಿ ಕಿರುತೆರೆ ನಟಿಯೊಬ್ಬರು ತೀರಿಕೊಂಡ ಸುದ್ದಿ ನೆನಪಿಸಿ ಅತ್ತೇಬಿಟ್ಟರು. ಇತ್ತ ಪಾರ್ಲರ್‌ನವರು ‘ಈ ವಾರ ಮಾತ್ರ ಆಫರ್’ ಎಂದು ಫೋನ್ ಮಾಡುತ್ತಿದ್ದಾರೆ. ಚೀಟಿ ದುಡ್ಡು ಕೈಯಲ್ಲಿದೆ. ನಾನು ಬಿ.ಪಿ. ಮಾತ್ರೆ, ರಕ್ತ ತೆಳುವಾಗಲು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತೇನೆ. ರೂಪಕ್ಕಿಂತ ಗುಣ ದೊಡ್ಡದು ಎಂದು ಮಕ್ಕಳಿಗೆ ಹೇಳುವ ನಾನೇ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗುತ್ತಿದೆ. ಏನು ಮಾಡಲಿ?

— ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಕಂಡದ್ದು ಗೆರೆಯಲ್ಲ, ನೋವು. ನಾಲ್ಕು ಜನರ ನಡುವೆ, ಅದೂ ಮನೆಯವರೇ ಆದ ಒಬ್ಬರು ನಿಮ್ಮ ಮುಖದ ಬಗ್ಗೆ ಹಗುರವಾಗಿ ಮಾತಾಡಿದರು. ನೀವು ಸುಮ್ಮನೆ ಕೂತಿದ್ದಿರಿ. ಅವರು ಅದನ್ನು ಸಿಟ್ಟು ಎಂದು ಓದಿಕೊಂಡರು. ಮನಸ್ಸಿನಲ್ಲಿ ಇಲ್ಲದ್ದನ್ನು ಮುಖ ಹೇಳುತ್ತಿದೆ ಎಂದು ಯಾರಾದರೂ ಅಂದರೆ ಕಸಿವಿಸಿಯಾಗುವುದು ಸಹಜ. ಮಗಳ ನಿಶ್ಚಿತಾರ್ಥ ಹತ್ತಿರ ಬಂದಿರುವಾಗ ಅಂಥ ಮಾತು ಇನ್ನೂ ಆಳಕ್ಕೆ ಇಳಿಯುತ್ತದೆ. ಇಷ್ಟಕ್ಕೆಲ್ಲ ಬೇಸರವೇ ಎಂದು ಯಾರು ಅಂದರೂ ಕಿವಿಗೆ ಹಾಕಿಕೊಳ್ಳಬೇಡಿ.

ನಿಮ್ಮ ನಾಚಿಕೆಯ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಕಾಣಬೇಕು ಎಂಬ ಆಸೆಗೂ ರೂಪಕ್ಕಿಂತ ಗುಣ ದೊಡ್ಡದು ಎಂಬ ಪಾಠಕ್ಕೂ ಜಗಳವಿಲ್ಲ. ಹಬ್ಬಕ್ಕೆ ಒಳ್ಳೆಯ ಸೀರೆ ಉಡುತ್ತೇವೆ, ತಲೆಗೆ ಮೆಹಂದಿ ಹಚ್ಚುತ್ತೇವೆ. ಅದರಿಂದ ಯಾರ ಗುಣವೂ ಕಡಿಮೆಯಾಗಿಲ್ಲ. ಬೊಟಾಕ್ಸ್ ಮಾಡಿಸಿಕೊಂಡರೆ ನೀವು ಕೆಟ್ಟ ಶಿಕ್ಷಕಿಯಾಗುವುದಿಲ್ಲ, ಮಾಡಿಸಿಕೊಳ್ಳದಿದ್ದರೆ ಹಳೇಕಾಲದವರೂ ಆಗುವುದಿಲ್ಲ. ಎರಡೂ ಗೌರವದ ದಾರಿಗಳೇ. ಯಾವ ದಾರಿ ಹಿಡಿಯಬೇಕೆಂದು ನಾನು ಹೇಳಲಾರೆ. ನಾನು ಆಪ್ತಸಮಾಲೋಚಕಿ, ಸೂಜಿ ಹಾಕಬಹುದೇ ಎಂದು ಹೇಳಬೇಕಾದವರು ನಿಮ್ಮನ್ನು ಕಣ್ಣಾರೆ ನೋಡಿದ ಚರ್ಮರೋಗ ತಜ್ಞರು. ಅವರ ಬಳಿ ಹೋಗುವ ಮೊದಲು ಮನಸ್ಸಿನಲ್ಲಿ ಏನು ಸ್ಪಷ್ಟವಾಗಿರಬೇಕು, ಅಲ್ಲಿ ಏನು ಕೇಳಬೇಕು ಎಂಬುದನ್ನು ಹೇಳಬಲ್ಲೆ. ಇಂಥದೇ ಪ್ರಶ್ನೆ ಒಳಗಿಟ್ಟುಕೊಂಡು ಓದುತ್ತಿರುವ ಹಲವರು ಇದ್ದಾರೆ ಎಂಬುದೂ ನನಗೆ ಗೊತ್ತು. ಮದುವೆ ನಿಶ್ಚಯವಾಗಿರುವ ಹುಡುಗಿಯರು, ಸಂದರ್ಶನಕ್ಕೆ ಹೊರಟಿರುವ ಗಂಡಸರು, ಗೆರೆ ಮೂಡುವ ಮೊದಲೇ ತಡೆಯಬೇಕು ಎಂದು ಇಪ್ಪತ್ತೈದಕ್ಕೇ ಆತಂಕಪಡುತ್ತಿರುವವರು. ಇದು ಅವರಿಗೂ ಇರಲಿ.

ಎರಡು ವಿಷಯ ಒಂದಾಗಿಬಿಟ್ಟಿವೆ

ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ಒಂದು, ಹುಬ್ಬಿನ ನಡುವಿನ ಗೆರೆ. ಇನ್ನೊಂದು, ನಾದಿನಿಯ ಮಾತು. ಗೆರೆಗೆ ಮದ್ದಿದೆ. ಮಾತಿನಿಂದ ಆದ ಗಾಯಕ್ಕೆ ಆ ಮದ್ದು ನಾಟುವುದಿಲ್ಲ. ಸೂಜಿ ಒಂದು ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ ಅದರ ಕೆಲಸ. ಗೆರೆ ಹೋದ ಮೇಲೆ ನಾದಿನಿ ನಿಮ್ಮ ಸೊಂಟದ ಸುತ್ತಳತೆಯ ಬಗ್ಗೆಯೋ ಕೂದಲಿನ ಬಗ್ಗೆಯೋ ಮಾತೆತ್ತಿದರೆ? ಆಗಲೂ ಇಷ್ಟೇ ನೋವಾಗುತ್ತದೆ. ಆದ್ದರಿಂದ ಈ ಎರಡನ್ನೂ ಬಿಡಿಸಿ ಬೇರೆ ಬೇರೆ ಇಡೋಣ.

ಒಂದು ಸಂಜೆ, ಮನೆಯಲ್ಲಿ ಗಲಾಟೆ ಇಲ್ಲದ ಹೊತ್ತಿನಲ್ಲಿ, ಈ ಮೂರು ಪ್ರಶ್ನೆಗಳಿಗೆ ನಿಮ್ಮ ಉತ್ತರ ಬರೆದು ನೋಡಿ. ಆ ದಿನ ನಾದಿನಿ ಆ ಮಾತು ಆಡದೇ ಇದ್ದಿದ್ದರೆ ನನಗೆ ಇದು ಬೇಕೆನಿಸುತ್ತಿತ್ತೇ? ಮಾಡಿಸಿಕೊಂಡ ಮೇಲೆ ಯಾರೊಬ್ಬರೂ ಗಮನಿಸದಿದ್ದರೂ ನನಗೆ ಸಂತೋಷವಾಗುತ್ತದೆಯೇ? ನಾಲ್ಕು ತಿಂಗಳಲ್ಲಿ ಗೆರೆ ಮತ್ತೆ ಮೂಡಿದಾಗ ಕುಗ್ಗದೆ ಇರಬಲ್ಲೆನೇ? ಮೂರಕ್ಕೂ ‘ಹೌದು’ ಎಂದು ಬಂದರೆ ಆಸೆ ನಿಮ್ಮದೇ. ನಿಶ್ಚಿಂತೆಯಿಂದ ಮುಂದೆ ಯೋಚಿಸಿ. ‘ಇಲ್ಲ’ ಎಂದು ಬಂದರೆ ಮೊದಲು ಆರೈಕೆ ಬೇಕಾದದ್ದು ಮನಸ್ಸಿಗೆ.

ಅದು ಏನು, ಏನು ಮಾಡುತ್ತದೆ

ನಿಮ್ಮ ಯಜಮಾನರು ಹೇಳಿದ್ದು ಸುಳ್ಳಲ್ಲ. ಬೊಟಾಕ್ಸ್ ಎಂಬುದು ಒಂದು ಬ್ರ್ಯಾಂಡಿನ ಹೆಸರು. ಒಳಗಿರುವ ಔಷಧ ಬೊಟುಲಿನಮ್ ಟಾಕ್ಸಿನ್. ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ಬಲು ತೀಕ್ಷ್ಣವಾದ ವಿಷ ಇದು. 1820ರ ಆಸುಪಾಸಿನಲ್ಲಿ ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್, ಕೆಟ್ಟ ಸಾಸೇಜ್ ತಿಂದವರ ರೆಪ್ಪೆ ಜೋಲುವುದನ್ನು, ನುಂಗಲು ಉಸಿರಾಡಲು ಕಷ್ಟವಾಗುವುದನ್ನು ವಿವರವಾಗಿ ದಾಖಲಿಸಿದರು. ಅದೇ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ, ಬೇಕಾದ ಸ್ನಾಯುವಿಗೆ ಮಾತ್ರ ಕೊಟ್ಟರೆ ಮದ್ದಾಗುತ್ತದೆ ಎಂದು ತೋರಿಸಿದವರು ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಅಲನ್ ಸ್ಕಾಟ್. ಅವರು ಅದನ್ನು ಬಳಸಿದ್ದು ಮೆಳ್ಳೆಗಣ್ಣಿಗೆ. 1989ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಮೆಳ್ಳೆಗಣ್ಣಿಗೂ ರೆಪ್ಪೆ ಬಿಡದೆ ಬಿಗಿದುಕೊಳ್ಳುವ ತೊಂದರೆಗೂ ಒಪ್ಪಿಗೆ ಕೊಟ್ಟರು. ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ವೈದ್ಯೆ ಜೀನ್ ಕ್ಯಾರುಥರ್ಸ್, ರೆಪ್ಪೆಯ ತೊಂದರೆಗೆ ಈ ಚುಚ್ಚುಮದ್ದು ಪಡೆದವರಲ್ಲಿ ಹುಬ್ಬಿನ ನಡುವಿನ ಗೆರೆಯೂ ಮಾಯವಾಗುತ್ತಿರುವುದನ್ನು ಗಮನಿಸಿದರು. ಚರ್ಮದ ವೈದ್ಯರಾದ ಪತಿ ಅಲಸ್ಟೇರ್ ಜೊತೆ ಸೇರಿ 1992ರಲ್ಲಿ ಅದನ್ನು ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಇಂದು ನರರೋಗ ತಜ್ಞರು ಕತ್ತು ತಿರುಚುವ ಡಿಸ್ಟೋನಿಯಾಕ್ಕೆ, ಪಾರ್ಶ್ವವಾಯುವಿನ ನಂತರ ಕೈಕಾಲು ಸೆಟೆದುಕೊಂಡಾಗ, ದೀರ್ಘಕಾಲದ ಮೈಗ್ರೇನಿಗೆ ಇದನ್ನೇ ಕೊಡುತ್ತಾರೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನಿಮ್ಮ ಯಜಮಾನರ ಭಯಕ್ಕೂ ಬೆಲೆಯಿದೆ, ಮಗಳ ಧೈರ್ಯಕ್ಕೂ ಆಧಾರವಿದೆ. ಸರಿಯಾದ ಕೈಯಲ್ಲಿ, ಸರಿಯಾದ ಪ್ರಮಾಣದಲ್ಲಿ ಇದು ವರ್ಷಗಳಿಂದ ಬಳಕೆಯಲ್ಲಿರುವ ಔಷಧ. ಔಷಧವಾದ್ದರಿಂದಲೇ ಇದನ್ನು ಫೇಶಿಯಲ್, ಥ್ರೆಡಿಂಗ್‌ಗಳ ಪಟ್ಟಿಗೆ ಸೇರಿಸಬಾರದು.

ಕೆಲಸ ಮಾಡುವ ರೀತಿ ಹೀಗಿದೆ. ಹುಬ್ಬು ಗಂಟಿಕ್ಕುವಾಗ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಸ್ನಾಯುವಿಗೆ ‘ಬಿಗಿ’ ಎಂಬ ಸೂಚನೆ ಕೊಡುತ್ತದೆ. ಈ ಔಷಧ ಆ ರಾಸಾಯನಿಕ ಹೊರಬರುವುದನ್ನು ತಡೆಯುತ್ತದೆ. ಸ್ನಾಯು ಸಡಿಲವಾಗುತ್ತದೆ, ಮೇಲಿನ ಚರ್ಮ ಮಡಚುವುದು ನಿಲ್ಲುತ್ತದೆ. ಚುಚ್ಚಿದ ಕೂಡಲೇ ಏನೂ ಕಾಣುವುದಿಲ್ಲ. ಮೂರು ನಾಲ್ಕು ದಿನಕ್ಕೆ ಬದಲಾವಣೆ ಶುರುವಾಗಿ, ಪೂರ್ತಿ ಪರಿಣಾಮ ಕಾಣಲು ಸುಮಾರು ಎರಡು ವಾರ ಬೇಕು. ಮೂರರಿಂದ ನಾಲ್ಕು ತಿಂಗಳಲ್ಲಿ ನರದ ತುದಿ ಚೇತರಿಸಿಕೊಂಡು ಗೆರೆ ಹಿಂದಿನಂತೆ ಮರಳುತ್ತದೆ. ನಿಲ್ಲಿಸಿದರೆ ಮುಖ ಮೊದಲಿಗಿಂತ ಹಾಳಾಗುತ್ತದೆ ಎಂಬ ಮಾತು ನಿಜವಲ್ಲ.

ಎಲ್ಲ ಗೆರೆಗೂ ಇದು ಒಗ್ಗುವುದಿಲ್ಲ ಎಂಬುದು ಗೊತ್ತಿರಲಿ. ಮುಖದ ಚಲನೆಯಿಂದ ಮೂಡುವ ಗೆರೆಗಳಿಗೆ, ಅಂದರೆ ಹುಬ್ಬಿನ ನಡುವೆ, ಹಣೆಯ ಮೇಲೆ, ನಕ್ಕಾಗ ಕಣ್ಣಂಚಿನಲ್ಲಿ ಕಾಣುವಂಥವಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಖ ಸುಮ್ಮನಿದ್ದಾಗಲೂ ಆಳವಾಗಿ ಕಾಣುವ ಗೆರೆ ಮೃದುವಾಗಬಹುದು, ಪೂರ್ತಿ ಅಳಿಯುತ್ತದೆ ಎಂಬ ಖಾತ್ರಿಯಿಲ್ಲ. ನೀವು ಸುಮ್ಮನೆ ಕೂತಾಗಲೂ ಗೆರೆ ಕಾಣುತ್ತದೆ ಎನ್ನುತ್ತೀರಿ, ಹಾಗಾಗಿ ಈ ಮಾತನ್ನು ವೈದ್ಯರ ಹತ್ತಿರ ಮರೆಯದೆ ಕೇಳಿ. ಕೆನ್ನೆಯ ಮೇಲಿನ ಬಂಗು, ಬಿಸಿಲಿನ ಕಲೆ, ಕಣ್ಣಿನ ಕೆಳಗಿನ ಕಪ್ಪಿಗೆ ಬೊಟಾಕ್ಸ್ ಮದ್ದಲ್ಲ. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ‘ವಯಸ್ಸಾಯಿತು’ ಎನಿಸುವುದು ಸುಕ್ಕಿಗಿಂತ ಈ ಬಣ್ಣದ ವ್ಯತ್ಯಾಸದಿಂದಲೇ.

ಇನ್ನೊಂದು ಗೊಂದಲ ಫಿಲ್ಲರ್‌ನದು. ಬೊಟಾಕ್ಸ್ ಸ್ನಾಯು ಸಡಿಲಿಸುತ್ತದೆ, ಫಿಲ್ಲರ್ ಚರ್ಮದ ಕೆಳಗೆ ತುಂಬಿಕೊಂಡು ತಗ್ಗನ್ನು ಮೇಲೆತ್ತುತ್ತದೆ. ಫಿಲ್ಲರ್ ತಪ್ಪಿ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು. ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಹುಬ್ಬಿನ ನಡುವಿನ ಜಾಗ ಇದಕ್ಕೆ ಹೆಚ್ಚು ಅಪಾಯದ್ದು. ಯಾರಾದರೂ ‘ಎರಡೂ ಸೇರಿಸಿ ಮಾಡಿಬಿಡೋಣ’ ಎಂದರೆ ಅಲ್ಲೇ ತಡೆದು, ಯಾವುದು ಏಕೆ ಎಂದು ಕೇಳಿ.

ನಿಮ್ಮ ತಾಯಿಯ ಕಣ್ಣೀರಿಗೂ ಉತ್ತರ ಬೇಕು

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಆ ಸಾವು ಎಲ್ಲರನ್ನೂ ನಡುಗಿಸಿತ್ತು. ಅದು ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆ. ಬೊಟಾಕ್ಸ್‌ಗೆ ಕೊಯ್ಯುವುದಿಲ್ಲ, ಪ್ರಜ್ಞೆ ತಪ್ಪಿಸುವುದಿಲ್ಲ. ತೆಳು ಸೂಜಿಯಲ್ಲಿ ಕೆಲವು ಕಡೆ ಚುಚ್ಚಿ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಅಮ್ಮನಿಗೆ ಇದನ್ನು ನಿಧಾನವಾಗಿ ವಿವರಿಸಿ. ಆದರೆ ಅವರ ಆತಂಕದಲ್ಲಿ ಒಂದು ವಿವೇಕವಿದೆ: ಸೌಂದರ್ಯಕ್ಕಾಗಿ ಮಾಡಿಸುವುದೂ ಚಿಕಿತ್ಸೆಯೇ, ಎಲ್ಲಿ ಯಾರ ಕೈಯಲ್ಲಿ ಎಂಬುದನ್ನು ವಿಚಾರಿಸಲೇಬೇಕು. ಆ ವಿವೇಕವನ್ನು ಕೈಬಿಡಬೇಡಿ.

ಅಡ್ಡಪರಿಣಾಮಗಳನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಚುಚ್ಚಿದಲ್ಲಿ ನೋವು, ಸಣ್ಣ ಊತ, ನೀಲಿಗಟ್ಟುವುದು, ಒಂದೆರಡು ದಿನ ತಲೆನೋವು ಸಾಮಾನ್ಯ. ಔಷಧ ಪಕ್ಕದ ಸ್ನಾಯುವಿಗೆ ಹರಡಿದರೆ ರೆಪ್ಪೆ ಅಥವಾ ಹುಬ್ಬು ಜೋಲಬಹುದು, ಎರಡು ಕಡೆ ಒಂದೇ ಸಮ ಕಾಣದಿರಬಹುದು. ಇದು ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ, ಆದರೆ ಆ ವಾರಗಳು ಬಹಳ ಉದ್ದವೆನಿಸುತ್ತವೆ. ಒಮ್ಮೆ ಹಾಕಿದ್ದನ್ನು ಮರುದಿನವೇ ಹಿಂದೆ ತೆಗೆಯುವ ಮದ್ದಿಲ್ಲ, ಇಳಿಯುವವರೆಗೆ ಕಾಯಬೇಕು. ತೀರಾ ಅಪರೂಪಕ್ಕೆ ಔಷಧ ದೂರ ಹರಡಿ ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾಗಬಹುದು, ಮೈಯೆಲ್ಲ ನಿಶ್ಶಕ್ತಿ ಬರಬಹುದು. ಚುಚ್ಚಿಸಿಕೊಂಡ ಕೆಲವು ಗಂಟೆಗಳಿಂದ ಕೆಲವು ವಾರಗಳವರೆಗೆ ಯಾವಾಗಲಾದರೂ ಇದು ಕಾಣಿಸಿಕೊಳ್ಳಬಹುದು. ಈ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲಿ ಎದ್ದುಕಾಣುವಂತೆ ಮುದ್ರಿಸಬೇಕೆಂದು ಅಮೆರಿಕದ ನಿಯಂತ್ರಕರು 2009ರಲ್ಲೇ ಕಡ್ಡಾಯ ಮಾಡಿದ್ದಾರೆ. ಇವುಗಳಲ್ಲಿ ಯಾವುದು ಕಂಡರೂ ‘ಬೆಳಿಗ್ಗೆ ನೋಡೋಣ’ ಎನ್ನದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಯಾರು ಮಾಡಿಸಿಕೊಳ್ಳಬಾರದು? ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಮುಂದಕ್ಕೆ ಹಾಕುವುದು ಕ್ಷೇಮ. ಮಯಸ್ತೇನಿಯಾ ಗ್ರೇವಿಸ್‌ನಂತಹ ನರ-ಸ್ನಾಯುವಿನ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ಚುಚ್ಚಬೇಕಾದ ಜಾಗದಲ್ಲಿ ಕೀವು, ಸೋಂಕು ಇದ್ದರೆ ಬೇಡ. ಜೆಂಟಾಮೈಸಿನ್, ಅಮಿಕಾಸಿನ್‌ನಂತಹ ಕೆಲವು ಆ್ಯಂಟಿಬಯಾಟಿಕ್‌ಗಳು ಔಷಧದ ಪರಿಣಾಮವನ್ನು ಹೆಚ್ಚಿಸಬಲ್ಲವು. ಹಸುವಿನ ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಅದನ್ನು ಮೊದಲೇ ಹೇಳಬೇಕು, ಕೆಲವು ಬ್ರ್ಯಾಂಡುಗಳಲ್ಲಿ ಅದರ ಅಂಶವಿರುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ರಕ್ತ ತೆಳುವಾಗಿಸುವ ಮಾತ್ರೆಯಿಂದ ಚುಚ್ಚಿದ ಕಡೆ ನೀಲಿಗಟ್ಟುವುದು ಹೆಚ್ಚು. ಹಾಗೆಂದು ಯಾರೋ ಹೇಳಿದರು ಎಂದು ಆ ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಹೃದಯವನ್ನೋ ಮಿದುಳನ್ನೋ ಕಾಯಲು ಕೊಟ್ಟದ್ದದು. ಮುಖದ ಮೇಲಿನ ಒಂದು ಕಲೆಯ ಭಯಕ್ಕೆ ಅದನ್ನು ಬಿಡುವುದು ದೊಡ್ಡ ಅಪಾಯ. ಮಾತ್ರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ, ಅವರು ಹೇಳಿದ್ದನ್ನು ಚರ್ಮದ ಡಾಕ್ಟರಿಗೆ ತಿಳಿಸಿ.

ಯಾರ ಕೈಗೆ ಮುಖ ಕೊಡುತ್ತೀರಿ?

ಇಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಪಾರ್ಲರ್‌ನ ಆಫರ್ ಬೇಡ. ಅಲ್ಲಿನ ಹುಡುಗಿಯರು ತಮ್ಮ ಕೆಲಸದಲ್ಲಿ ಎಷ್ಟೇ ನುರಿತಿರಲಿ, ಇದು ಅವರ ಕೆಲಸವಲ್ಲ. ಮುಖದ ಯಾವ ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂಬ ಅರಿವು, ಏನಾದರೂ ಹೆಚ್ಚುಕಡಿಮೆಯಾದರೆ ನಿಭಾಯಿಸುವ ತರಬೇತಿ ಬೇಕು. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಈ ಚುಚ್ಚುಮದ್ದು ಪಡೆದ ಜನ ಕಾಯಿಲೆ ಬಿದ್ದರು, ಕೆಲವರು ಆಸ್ಪತ್ರೆ ಸೇರಿದರು. ಪರವಾನಗಿ ಇಲ್ಲದವರ ಕೈಯಲ್ಲಿ, ಮನೆ ಮತ್ತು ಸ್ಪಾಗಳಲ್ಲಿ ಚುಚ್ಚಿಸಿಕೊಂಡ ಪ್ರಕರಣಗಳೂ ನಕಲಿ ಔಷಧವೂ ಆಗ ಬೆಳಕಿಗೆ ಬಂದವು.

ಮೊದಲು ನೋಡಬೇಕಾದ್ದು ವೈದ್ಯರ ಅರ್ಹತೆ. ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಮಾಡಿದವರು, ಇಲ್ಲವೇ ಪ್ಲಾಸ್ಟಿಕ್ ಸರ್ಜನ್ ಆಗಿರಲಿ. ಕೆಲವು ವಾರದ ಕಾಸ್ಮೆಟಾಲಜಿ ಕೋರ್ಸಿನ ಸರ್ಟಿಫಿಕೇಟ್ ಗೋಡೆಯ ಮೇಲೆ ಎಷ್ಟೇ ಚೆಂದವಾಗಿ ತೂಗುತ್ತಿದ್ದರೂ ಅದು ವೈದ್ಯಕೀಯ ಪದವಿಯಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕ್ಕಿಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಸಿಕ್ಕಿರುವ ನೋಂದಣಿ ಪತ್ರ ಎದುರಿಗೇ ಕಾಣುವಂತೆ ಇದೆಯೇ ನೋಡಿ. ಕೇಳುವುದು ಅನುಮಾನವಲ್ಲ, ನಿಮ್ಮ ಹಕ್ಕು. ಒಳ್ಳೆಯ ವೈದ್ಯರಿಗೆ ಇದರಿಂದ ಬೇಸರವಾಗುವುದಿಲ್ಲ.

ಔಷಧದ ಬಗ್ಗೆಯೂ ಕೇಳಿ. ಯಾವ ಬ್ರ್ಯಾಂಡ್, ಬ್ಯಾಚ್ ನಂಬರ್ ಏನು, ಅವಧಿ ಎಂದಿಗೆ ಮುಗಿಯುತ್ತದೆ, ಫ್ರಿಜ್ಜಿನಲ್ಲಿ ಇಟ್ಟಿದ್ದರೇ, ಸೀಸೆಯನ್ನು ನಿಮ್ಮೆದುರೇ ತೆರೆಯುತ್ತಾರೆಯೇ? ಎಷ್ಟು ಯೂನಿಟ್ ಎಂಬುದನ್ನು ಬರೆಸಿಕೊಳ್ಳಿ. ಬೊಟಾಕ್ಸ್‌ನಲ್ಲಿ ಹುಬ್ಬಿನ ನಡುವಿನ ಗೆರೆಗೆ ಸಾಮಾನ್ಯವಾಗಿ ಐದು ಕಡೆ ಸೇರಿ 20 ಯೂನಿಟ್ ಕೊಡುತ್ತಾರೆ. ಡಿಸ್‌ಪೋರ್ಟ್ ಎಂಬ ಬ್ರ್ಯಾಂಡಿನಲ್ಲಿ ಅದೇ ಜಾಗಕ್ಕೆ 50. ಒಂದರ ಯೂನಿಟ್ ಇನ್ನೊಂದಕ್ಕೆ ಸಮವಲ್ಲ, ಹಾಗಾಗಿ ‘ಅಲ್ಲಿಗಿಂತ ಇಲ್ಲಿ ಯೂನಿಟ್ ಅಗ್ಗ’ ಎಂಬ ಲೆಕ್ಕ ಮೋಸಮಾಡಬಹುದು. ಬಿಲ್ ತೆಗೆದುಕೊಳ್ಳಿ. ಎರಡು ವಾರದ ನಂತರ ಮತ್ತೆ ನೋಡುತ್ತಾರೆಯೇ, ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಕೇಳಿಟ್ಟುಕೊಳ್ಳಿ.

ಖರ್ಚನ್ನು ಒಂದು ಸಲಕ್ಕೆ ಲೆಕ್ಕ ಹಾಕಬೇಡಿ. ಪರಿಣಾಮ ಉಳಿಸಿಕೊಳ್ಳಬೇಕಾದರೆ ವರ್ಷಕ್ಕೆ ಮೂರು ನಾಲ್ಕು ಸಲ ಬೇಕು. ಮೂರು ತಿಂಗಳಿಗಿಂತ ಬೇಗ ಪೂರ್ತಿ ಪ್ರಮಾಣ ಮತ್ತೆ ಹಾಕಿಸುವುದೂ ಒಳ್ಳೆಯದಲ್ಲ, ಪದೇ ಪದೇ ಹಾಕಿದರೆ ದೇಹ ಔಷಧಕ್ಕೆ ಪ್ರತಿರೋಧ ಬೆಳೆಸಿಕೊಳ್ಳಬಹುದು. ಸೌಂದರ್ಯದ ಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ. ನಿಮ್ಮ ಚೀಟಿ ದುಡ್ಡು ನಿಮ್ಮದೇ ದುಡಿಮೆ, ಅದನ್ನು ನಿಮಗಾಗಿ ಖರ್ಚು ಮಾಡುವುದರಲ್ಲಿ ತಪ್ಪಿಲ್ಲ. ವರ್ಷದ ಮೊತ್ತ ನೋಡಿದ ಮೇಲೂ ನೆಮ್ಮದಿಯಾಗಿದ್ದರೆ ಸರಿ.

ಐದು ವಾರದ ಗಡುವು

ತಾರೀಖಿನ ಲೆಕ್ಕ ಹಾಕಿದರೆ ಸಮಯ ಸಾಲುತ್ತದೆ ಎನಿಸಬಹುದು. ಎರಡು ವಾರಕ್ಕೆ ಪರಿಣಾಮ, ಆಮೇಲೆ ಮೂರು ವಾರ ಕೈಯಲ್ಲಿ. ಆದರೆ ಇದು ನಿಮಗೆ ಮೊದಲ ಸಲ. ನಿಮ್ಮ ಮುಖ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ರೆಪ್ಪೆ ಜೋತರೆ ನಿಶ್ಚಿತಾರ್ಥದ ದಿನವೂ ಹಾಗೇ ಇರಬಹುದು. ಜೊತೆಗೆ, ಗಡುವಿನ ಒತ್ತಡದಲ್ಲಿ ತೆಗೆದುಕೊಂಡ ನಿರ್ಧಾರದಲ್ಲಿ ವಿಚಾರಿಸುವ ತಾಳ್ಮೆ ಇರುವುದಿಲ್ಲ. ‘ಈ ವಾರ ಮಾತ್ರ’ ಎಂಬ ಆಫರ್ ಬದುಕುವುದೇ ಈ ಅವಸರದ ಮೇಲೆ.

ನನ್ನ ಸಲಹೆ: ಈ ನಿರ್ಧಾರವನ್ನು ನಿಶ್ಚಿತಾರ್ಥದ ನಂತರಕ್ಕೆ ಇಡಿ. ಬೇಡವೆಂದೇನೂ ನಾನು ಹೇಳುತ್ತಿಲ್ಲ, ಮುಂದಕ್ಕೆ ಇಡಿ ಎಂದಷ್ಟೇ. ಮದುವೆಗೆ ಇನ್ನೂ ಸಮಯವಿದ್ದರೆ, ನಿಮಗೆ ಆಗಲೂ ಬೇಕೆನಿಸಿದರೆ, ಅದಕ್ಕೂ ಕನಿಷ್ಠ ಒಂದೂವರೆ ಎರಡು ತಿಂಗಳು ಮೊದಲೇ ಮಾಡಿಸಿಕೊಳ್ಳಬಹುದು. ಆಗ ಹೆಚ್ಚುಕಡಿಮೆಯಾದರೂ ಸರಿಹೋಗಲು ಸಮಯವಿರುತ್ತದೆ.

ಈ ಐದು ವಾರದಲ್ಲಿ ಮಾಡಬಹುದಾದ ಕೆಲಸಗಳಿವೆ.

ಮೊದಲನೆಯದು, ಕಣ್ಣು ಪರೀಕ್ಷೆ. ನಿಮಗೆ 47, ದಿನವಿಡೀ ಉತ್ತರಪತ್ರಿಕೆ ತಿದ್ದುತ್ತೀರಿ, ಮೊಬೈಲ್ ನೋಡುತ್ತೀರಿ. ಚಾಳೀಸು ಬಂದಿದ್ದು ಕನ್ನಡಕ ಸರಿಯಿಲ್ಲದಿದ್ದರೆ ಹುಬ್ಬು ತಾನಾಗಿ ಗಂಟಿಕ್ಕುತ್ತದೆ. ಎಷ್ಟೋ ಜನರ ‘ಸಿಟ್ಟಿನ ಮುಖ’ದ ಹಿಂದೆ ಇರುವುದು ಕಾಣದ ಅಕ್ಷರ. ಸರಿಯಾದ ಕನ್ನಡಕ ಬಂದರೆ ಆ ಸ್ನಾಯುವಿಗೆ ದಿನವೂ ಒಂದಿಷ್ಟು ಬಿಡುವು ಸಿಗುತ್ತದೆ.

ಎರಡನೆಯದು, ಚರ್ಮದ ವೈದ್ಯರ ಹತ್ತಿರ ಬರೀ ಮಾತಿಗೆ ಹೋಗಿ, ಚುಚ್ಚಿಸಿಕೊಳ್ಳಲು ಬೇಡ. ನಿಮ್ಮೂರಿನ ಮೆಗ್ಗಾನ್ ಆಸ್ಪತ್ರೆಯಂತಹ ಬೋಧನಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲೂ ಕೇಳಬಹುದು. ಏನನ್ನೂ ಮಾರಬೇಕಾಗಿಲ್ಲದ ವೈದ್ಯರ ಮಾತು ಮನಸ್ಸಿಗೆ ನಿಚ್ಚಳತೆ ಕೊಡುತ್ತದೆ. ಸನ್‌ಸ್ಕ್ರೀನ್ ದಿನವೂ ಹಚ್ಚುವುದು, ರೆಟಿನಾಯ್ಡ್ ಕ್ರೀಮ್ ನಿಮಗೆ ಹೊಂದುತ್ತದೆಯೇ ಎಂಬುದನ್ನು ಅವರಿಂದ ತಿಳಿಯಿರಿ. ಗರ್ಭ ಧರಿಸುವ ಯೋಚನೆ ಇರುವ ಓದುಗರು ರೆಟಿನಾಯ್ಡ್ ಕ್ರೀಮನ್ನು ತಾವಾಗಿ ಕೊಂಡು ಹಚ್ಚಬೇಡಿ.

ಮೂರನೆಯದು, ನಿದ್ದೆ. ಈ ವಯಸ್ಸಿನಲ್ಲಿ ಮುಟ್ಟು ಏರುಪೇರಾಗಿ ನಿದ್ದೆ ಕೆಡುವುದು, ಮನಸ್ಸು ಸಣ್ಣದಕ್ಕೂ ಕುಗ್ಗುವುದು ಹಲವರಿಗೆ ಇದೆ. ನಿಮಗೂ ಹಾಗಿದ್ದರೆ ಸ್ತ್ರೀರೋಗ ತಜ್ಞರಿಗೆ ಹೇಳಿ. ನಾದಿನಿಯ ಮಾತು ಇಷ್ಟು ಆಳಕ್ಕೆ ಇಳಿದದ್ದರಲ್ಲಿ ದಣಿದ ದೇಹದ ಪಾಲೂ ಇರಬಹುದು.

ನಾಲ್ಕನೆಯದು, ಮಾತಿಗೆ ಮಾತಿನಲ್ಲೇ ಉತ್ತರ. ನಾದಿನಿ ಕೆಟ್ಟವರು ಎಂದು ನಾನು ಅಂದುಕೊಳ್ಳುವುದಿಲ್ಲ. ಅಣ್ಣನ ಮಗಳ ನಿಶ್ಚಿತಾರ್ಥ ಚೆನ್ನಾಗಿ ಆಗಲಿ ಎಂಬ ಕಾಳಜಿಯೇ ಹಾಗೆ ಎಡವಟ್ಟಾಗಿ ಹೊರಬಂದಿರಬಹುದು. ಒಬ್ಬರೇ ಸಿಕ್ಕಾಗ ಮೆತ್ತಗೆ ಹೇಳಿ: ‘ಅವತ್ತು ಎಲ್ಲರೆದುರು ನನ್ನ ಮುಖದ ಬಗ್ಗೆ ಅಂದದ್ದು ನಂಗೆ ತುಂಬ ಬೇಜಾರಾಯ್ತು ಕಣೇ. ನಾನು ಸಿಟ್ಟಲ್ಲಿರಲಿಲ್ಲ. ನಿಶ್ಚಿತಾರ್ಥದ ದಿನ ನೀನು ನನ್ನ ಪಕ್ಕದಲ್ಲೇ ಇರು, ನಂಗೆ ಧೈರ್ಯ.’ ಜಗಳವಿಲ್ಲದೆ ನೋವು ತಿಳಿಸಿದಂತಾಗುತ್ತದೆ. ಅವರಿಗೆ ಸರಿಪಡಿಸಿಕೊಳ್ಳಲು ದಾರಿಯೂ ಸಿಗುತ್ತದೆ.

ಮನೆಯಲ್ಲಿ ಮುಚ್ಚಿಡಬೇಡಿ. ಯಜಮಾನರಿಂದ ಒಪ್ಪಿಗೆ ಬೇಕು ಎಂದಲ್ಲ, ಮುಖ ನಿಮ್ಮದು. ತೊಂದರೆಯಾದರೆ ಆಸ್ಪತ್ರೆಗೆ ಕರೆದೊಯ್ಯಬೇಕಾದವರಿಗೆ ವಿಷಯ ಗೊತ್ತಿರಬೇಕು. ವೈದ್ಯರ ಬಳಿ ಅವರನ್ನೂ ಕರೆದುಕೊಂಡು ಹೋಗಿ. ಮಗಳಿಗೂ ಹೇಳಿ: ‘ನೀನು ಪ್ರೀತಿಯಿಂದ ಹೇಳಿದ್ದೀಯ, ನಂಗೆ ಯೋಚಿಸಲು ಸ್ವಲ್ಪ ಟೈಮ್ ಕೊಡು.’

ಮುಂದೆ ಮಾಡಿಸಿಕೊಳ್ಳುವುದಾದರೆ

ವೈದ್ಯರಿಗೆ ನಿಮ್ಮ ಎಲ್ಲ ಕಾಯಿಲೆ, ಮಾತ್ರೆ, ಅಲರ್ಜಿ ಹೇಳಿ; ಆಯುರ್ವೇದದ ಗುಳಿಗೆ, ಮೀನೆಣ್ಣೆ ಕ್ಯಾಪ್ಸೂಲ್ ಕೂಡ. ಮೊದಲ ಸಲ ಕಡಿಮೆ ಪ್ರಮಾಣದಲ್ಲಿ ಶುರುಮಾಡಬಹುದೇ ಎಂದು ಕೇಳಿ. ಸಾಲದಿದ್ದರೆ ಎರಡು ವಾರದ ನಂತರ ಸೇರಿಸಬಹುದು, ಹೆಚ್ಚಾದದ್ದನ್ನು ಕಳೆಯಲಾಗದು. ಮುಖ ಮರಗಟ್ಟಿದಂತೆ ಕಾಣುತ್ತದೆಯೇ ಎಂಬ ಭಯಕ್ಕೂ ಇದೇ ಉತ್ತರ. ಚುಚ್ಚಿಸಿಕೊಂಡ ಮೇಲೆ ಮೊದಲ ನಾಲ್ಕು ಗಂಟೆ ಮಲಗಬೇಡಿ, ಆ ಜಾಗವನ್ನು ಉಜ್ಜಬೇಡಿ. ಆ ದಿನ ಫೇಶಿಯಲ್, ತಲೆಗೆ ಎಣ್ಣೆ ಹಾಕಿ ತಿಕ್ಕಿಸಿಕೊಳ್ಳುವುದು, ಬೆವರು ಸುರಿಯುವ ವ್ಯಾಯಾಮ ಬೇಡ. ಎರಡು ವಾರ ಆಗುವವರೆಗೆ ಫಲಿತಾಂಶದ ಬಗ್ಗೆ ತೀರ್ಪು ಕೊಡಬೇಡಿ.

ಇನ್ನೂ ಒಂದು ಮಾತು, ಓದುತ್ತಿರುವ ಎಲ್ಲರಿಗೂ

ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಮುಖದ ಒಂದೇ ದೋಷದ ಯೋಚನೆ, ಪದೇ ಪದೇ ಕನ್ನಡಿ ನೋಡುವುದು ಅಥವಾ ಕನ್ನಡಿಯಿಂದ ತಪ್ಪಿಸಿಕೊಳ್ಳುವುದು, ‘ಏನೂ ಕಾಣಿಸ್ತಿಲ್ಲ’ ಎಂದು ಇತರರು ಹೇಳಿದರೂ ನಂಬಲಾಗದಿರುವುದು, ಸಮಾರಂಭ, ಕಾಲೇಜು, ಕೆಲಸ ಬಿಡುವಷ್ಟು ಸಂಕೋಚ, ಒಂದು ಚಿಕಿತ್ಸೆಯ ಬೆನ್ನಿಗೆ ಇನ್ನೊಂದು. ಹೀಗಿದ್ದರೆ ಅದು ಒಣ ಜಂಬವಲ್ಲ, ಮನಸ್ಸಿನ ಒಂದು ತೊಂದರೆ. ಅದಕ್ಕೆ ಚಿಕಿತ್ಸೆಯಿದೆ, ಗುಣವೂ ಆಗುತ್ತದೆ. ಇಂಥವರಿಗೆ ಸೂಜಿ ಹಾಕಿದರೆ ಸಮಾಧಾನ ಸಿಗುವುದು ಅಪರೂಪ. ಚಿಂತೆ ಮುಖದ ಇನ್ನೊಂದು ಭಾಗಕ್ಕೆ ಸರಿಯುತ್ತದೆ. ದಿನದ 24 ಗಂಟೆಯೂ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು.

ನಿಮ್ಮ ಪತ್ರದಿಂದ ನೀವು ಅಷ್ಟು ದೂರ ಹೋಗಿದ್ದೀರಿ ಎಂದು ನನಗನಿಸುವುದಿಲ್ಲ. ಆದರೂ ಫೋಟೊದಿಂದ ತಪ್ಪಿಸಿಕೊಳ್ಳುವುದು ಹೆಚ್ಚಾಗುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ ಒಬ್ಬ ಆಪ್ತಸಮಾಲೋಚಕರ ಜೊತೆ ಮಾತಾಡಿ.

ನಿಮ್ಮ ವಿದ್ಯಾರ್ಥಿಗಳ ಅಡ್ಡಹೆಸರಿನ ಬಗ್ಗೆಯೂ ಬರೆದಿದ್ದಿರಿ. ಹದಿಹರೆಯದ ಮಕ್ಕಳು ಮುಖ ಓದುವುದರಲ್ಲಿ ತಪ್ಪುತ್ತಾರೆ. ಒಂದು ದಿನ ತರಗತಿಯಲ್ಲಿ ಸಹಜವಾಗಿ, ‘ನಾನು ಯೋಚನೆ ಮಾಡುವಾಗ ಹುಬ್ಬು ಗಂಟಾಗುತ್ತೆ, ಅದು ಸಿಟ್ಟಲ್ಲ. ಡೌಟ್ ಇದ್ದರೆ ಹೆದರದೆ ಕೇಳಿ’ ಎಂದುಬಿಡಿ. ಮಕ್ಕಳು ಸರಳವಾಗಿ ಒಪ್ಪಿಕೊಳ್ಳುತ್ತಾರೆ.

ಸದ್ಯಕ್ಕೆ ಇಷ್ಟು ಮಾಡಿ: ನಾಳೆ ಪಾರ್ಲರ್‌ಗೆ ಫೋನ್ ಮಾಡಿ ‘ಈಗ ಬೇಡ’ ಎನ್ನಿ. ಈ ವಾರದಲ್ಲೇ ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಬೊಟಾಕ್ಸ್ ವಿಷಯವನ್ನು ನಿಶ್ಚಿತಾರ್ಥ ಕಳೆದ ಮೇಲೆ ಆ ಮೂರು ಪ್ರಶ್ನೆಗಳ ಉತ್ತರ ಮುಂದಿಟ್ಟುಕೊಂಡು ನೋಡಿ. ಆಗ ನೀವು ‘ಬೇಕು’ ಎಂದರೂ ‘ಬೇಡ’ ಎಂದರೂ ಅದು ನಿಮ್ಮದೇ ನಿರ್ಧಾರವಾಗಿರುತ್ತದೆ. ಬಂದ ಬೀಗರಿಗೆ ಬೇಕಾದದ್ದು ಮಗಳನ್ನು ಅಕ್ಕರೆಯಿಂದ ಬೆಳೆಸಿದ ತಾಯಿಯ ಪರಿಚಯ. ಅದಕ್ಕೆ ನೀವು ಈಗಾಗಲೇ ಸಿದ್ಧರಿದ್ದೀರಿ. ನಿಮಗೂ ಮಗಳಿಗೂ ಶುಭವಾಗಲಿ.